ರಬ್ಬರು ಬೇಡ

ಮ ಅಂದರೆ ಯಾರು?

ಸೂಗಪ್ಪ ಚೀಟಿಯನ್ನು ನಾಲ್ಕನೆಯ ಸಲ ಓದಿದ. ನಸುಕಿನಲ್ಲಿ ಹೆಂಡತಿ ಸ್ನಾನಕ್ಕೆ ಹೋದಾಗ ಪೆನ್ನು ಹುಡುಕುವ ನೆಪದಲ್ಲಿ ಅವಳ ಬ್ಯಾಗಿಗೆ ಕೈ ಹಾಕಿದ್ದ. ಪೆನ್ನು ಅವನ ಜೇಬಿನಲ್ಲೇ ಇತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ನೆಪ ಬೇಕಾಗಿತ್ತು.

ನೀಲಿ ಶಾಯಿ. ಗಂಡಸಿನ ಅಕ್ಷರ. ಓದುವವಳಿಗೆ ತ್ರಾಸಾಗಬಾರದೆಂದು ದುಂಡಗೆ, ಬಿಡಿಬಿಡಿಯಾಗಿ ಬರೆದ ಅಕ್ಷರ.

'ರಬ್ಬರು ಬೇಡ. ಬಲೂನು, ಗ್ಲೌಸು, ನಿರೋಧ್ ಯಾವುದೂ ಬೇಡ. ಬಾಳೆಹಣ್ಣೂ ಬೇಡ. ಪಾಲಿಯುರೆಥೇನ್ ನಡೆಯುತ್ತದೆ. ಯಾವ ಆಪರೇಷನ್ ಇದ್ದರೂ ಮೊದಲು ಇದನ್ನು ತೋರಿಸಬೇಕು. ಮರೆಯಬಾರದು. ಮ.'

ಅದರ ಕೆಳಗೆ ಐದು ಅಂಕಿಯ ಒಂದು ನಂಬರು.

ಡಾಕ್ಟರೇ ಇರಬಹುದು ಎಂದು ಅವನಿಗೆ ಮೊದಲ ಓದಿಗೇ ಹೊಳೆದಿತ್ತು. ಆದರೆ ಡಾಕ್ಟರು ಪೂರ್ತಿ ಹೆಸರು ಬರೆಯುತ್ತಾನೆ. ಒಂದೇ ಅಕ್ಷರ ಬರೆಯುವವನು, ಉಳಿದದ್ದು ಅವಳಿಗೆ ಗೊತ್ತಿದೆ ಎಂದು ನಂಬಿದವನು. 'ಮರೆಯಬಾರದು' ಎಂಬ ಮಾತನ್ನು ಯಾರು ಯಾರಿಗೆ ಬರೆಯುತ್ತಾರೆ? ನಂಬರನ್ನು ಫೋನಿಗೆ ಹಚ್ಚಿ ನೋಡಿದ. ಅಂಥ ನಂಬರು ಅಸ್ತಿತ್ವದಲ್ಲಿಲ್ಲ ಎಂದು ಹೆಣ್ಣಿನ ದನಿಯೊಂದು ಮೂರು ಭಾಷೆಯಲ್ಲಿ ಹೇಳಿತು.

ನಿರೋಧ್ ಬೇಡವಂತೆ. ಯಾರ ಜೊತೆ ಬೇಡ?

ಶನಿವಾರ, ಬೆಳಗಿನ ಶಾಲೆ. ಜಯದೇವಿ ಆರೂವರೆಯ ಬಸ್ಸಿಗೆ ಕಮಲಾಪುರಕ್ಕೆ ಹೋಗಿಯಾಗಿತ್ತು. ಅದು ಅವಳ ತವರೂರು. ಅಲ್ಲಿನ ಹೈಸ್ಕೂಲಿನಲ್ಲಿ ಅವಳು ಟೀಚರ್. ಮಗಳೂ ಶಾಲೆಗೆ ಹೋಗಿದ್ದಳು. ಕಲಬುರಗಿಯ ಜೇವರ್ಗಿ ಕಾಲೋನಿಯ ಆ ಬಾಡಿಗೆ ಮನೆಯಲ್ಲಿ ಸೂಗಪ್ಪ ಒಬ್ಬನೇ ಕುರ್ಚಿಯ ಮೇಲೆ ಕೂತಿದ್ದ. ಹತ್ತು ಗಂಟೆಗೆ ಅವನು ಕಾಲೇಜಿನಲ್ಲಿ ಬಿ.ಎಸ್ಸಿ. ಹುಡುಗರಿಗೆ ಪಾಲಿಮರುಗಳ ಪಾಠ ಮಾಡಬೇಕಾಗಿತ್ತು. ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದ. ರಬ್ಬರಿನ ಎಳೆಗಳು ಹೇಗೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಗಂಧಕ ಬೆರೆಸಿದರೆ ಹೇಗೆ ಗಟ್ಟಿಯಾಗುತ್ತವೆ, ಪಾಲಿಯುರೆಥೇನ್ ಅದಕ್ಕಿಂತ ಹೇಗೆ ಬೇರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಅವನ ಸಬ್ಜೆಕ್ಟನ್ನೇ ಅವನ ಹೆಂಡತಿಗೆ ಇನ್ನೊಬ್ಬ ಬರೆದುಕೊಟ್ಟಿದ್ದ.

ಜ್ವರ ಬಂದಿದೆ ಎಂದು ಕಾಲೇಜಿಗೆ ಫೋನು ಮಾಡಿದ. ಪೂರ್ತಿ ಸುಳ್ಳೂ ಅಲ್ಲ ಅನಿಸಿತು.

ಕಮಲಾಪುರದ ಬಸ್ಸು ಹುಮನಾಬಾದ್ ರಸ್ತೆ ಹಿಡಿಯುತ್ತಿದ್ದಂತೆ ಅವನು ಒಂದು ವರ್ಷದ ಸಾಕ್ಷಿಗಳನ್ನೆಲ್ಲ ಒಟ್ಟುಗೂಡಿಸತೊಡಗಿದ. ಹೊಸದೇನೂ ಇರಲಿಲ್ಲ. ದಿನಾ ರಾತ್ರಿ ಮಾಡುತ್ತಿದ್ದ ಕೆಲಸವನ್ನು ಇವತ್ತು ಹಗಲಲ್ಲಿ ಮಾಡುತ್ತಿದ್ದ, ಅಷ್ಟೆ.

ಅವಳು ಗೋಡೆಗೆ ಮುಖ ಮಾಡಿ ಮಲಗಲು ಶುರುಮಾಡಿ ವರ್ಷವಾಗಿತ್ತು. ಮಗಳು ಹುಟ್ಟುವಾಗ ಹೊಟ್ಟೆ ಕೊಯ್ದಿದ್ದರು. ಇನ್ನೊಂದು ಬಸಿರು ಈಗ ಬೇಡ ಎಂದಿದ್ದರು. ಗುಳಿಗೆ ನುಂಗಿದರೆ ಅವಳಿಗೆ ತಲೆ ಸಿಡಿಯುತ್ತಿತ್ತು, ಕಾಪರ್-ಟಿ ಹಾಕಿಸಿದರೆ ರಕ್ತ ನಿಲ್ಲಲಿಲ್ಲ. ಕೊನೆಗೆ ನಿರೋಧ್ ಎಂದು ತೀರ್ಮಾನಿಸಿದ್ದು ಅವನೇ. ಅದನ್ನು ಅವನು ತನ್ನ ಔದಾರ್ಯವೆಂದು ತಿಳಿದಿದ್ದ. ಆದರೆ ಪ್ರತಿ ಸಲ ಮುಗಿದ ಮೇಲೆ ಅವಳು ಎದ್ದು ಬಚ್ಚಲಿಗೆ ಹೋಗುತ್ತಿದ್ದಳು. ಅರ್ಧ ಗಂಟೆ ತಣ್ಣೀರು ಸುರಿದುಕೊಳ್ಳುವ ಸಪ್ಪಳ. ತನ್ನನ್ನು ಮೈಯಿಂದ ತೊಳೆದು ಹಾಕುತ್ತಿದ್ದಾಳೆ ಎಂದು ಹಾಸಿಗೆಯಲ್ಲಿ ಅವನು ಲೆಕ್ಕ ಹಾಕುತ್ತಿದ್ದ.

ಮತ್ತೆ ಆಗಸ್ಟ್ ಹದಿನೈದು. ಧ್ವಜವಂದನೆ ಮುಗಿಸಿಕೊಂಡು ಸಂಜೆ ಬಂದವಳ ಕಣ್ಣು, ತುಟಿ ಬಾತಿದ್ದವು. "ಧೂಳು ಆಗಿ ಬರಲಿಲ್ಲ" ಎಂದಿದ್ದಳು. ಅತ್ತಿದ್ದಾಳೆ ಎಂದು ಅವನಿಗೆ ಖಾತ್ರಿಯಾಗಿತ್ತು. ಯಾರಿಗಾಗಿ ಎಂಬುದಷ್ಟೇ ಉಳಿದಿತ್ತು. ಮೂರು ತಿಂಗಳಿಂದ ಅವನು ಆ ಒಂದು ಜಾಗವನ್ನು ಖಾಲಿ ಬಿಟ್ಟುಕೊಂಡು ಕಾಯುತ್ತಿದ್ದ. ಇವತ್ತು ಅಲ್ಲಿ ಒಂದು ಅಕ್ಷರ ಬಂದು ಕೂತಿತ್ತು.

ಕಮಲಾಪುರದಲ್ಲಿ ಇಳಿದಾಗ ಹತ್ತೂ ಕಾಲು. ಶಾಲೆಯ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದ, ಹೋಟೆಲಿನ ಪಕ್ಕದ ಬೋರ್ಡು ಕಣ್ಣಿಗೆ ಬಿತ್ತು. 'ಡಾ. ಮಲ್ಕಪ್ಪ, ಎಂ.ಬಿ.ಬಿ.ಎಸ್.' ಹೆಸರಿನ ಕೆಳಗೆ ರಿಜಿಸ್ಟರ್ ನಂಬರು. ಅವೇ ಐದು ಅಂಕಿ.

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬದಲಿಗೆ, ಬಹಳ ಹೊತ್ತು ಬಾಗಿಲು ತಟ್ಟಿದವನಿಗೆ ಬಾಗಿಲು ತೆರೆದೇ ಇತ್ತು ಎಂದು ಗೊತ್ತಾದಾಗಿನ ಸಿಟ್ಟು ಬಂತು.

ಒಳಗೆ ಹಸಿರು ಪರದೆ, ಎರಡು ಬೆಂಚು. ಬೆಂಚಿನ ಮೇಲೆ ಕೂಸನ್ನು ಮಡಿಲಲ್ಲಿಟ್ಟುಕೊಂಡ ಒಬ್ಬ ಹೆಂಗಸು. ಐವತ್ತರ ಆಸುಪಾಸಿನ ನರ್ಸ್ ಒಬ್ಬರು ರಿಜಿಸ್ಟರ್ ಹಿಡಿದು ಬಂದರು. ಎದೆಯ ಮೇಲಿನ ಪಟ್ಟಿಯಲ್ಲಿ ಖುರ್ಷೀದ್ ಬೇಗಂ ಎಂದಿತ್ತು.

"ಹೆಸರೇನ್ರಿ?"

"ಸೂಗಪ್ಪ. ಜೇವರ್ಗಿ ಕಾಲೋನಿ."

ಪೆನ್ನು ನಿಂತಿತು. "ಅಚ್ಛಾ. ಜಯಾ ಟೀಚರ್ ಮನಿಯವರು?" ಎಂದು ಮುಖ ನೋಡಿ ನಕ್ಕರು. ಒಳ್ಳೆಯ ನಗೆಯೇ. "ಬೈಠೋ ಸಾಬ್. ಈ ಕೂಸಿಗಿ ನೋಡಿದ ಮ್ಯಾಲ ನಿಮ್ಮನ್ನೇ ಕರೀತಾರ."

ಇವಳಿಗೂ ಗೊತ್ತು, ಅಂದುಕೊಂಡ ಸೂಗಪ್ಪ. ತಾನು ದೀಪ ಆರಿಸಿ ಮಾಡುವುದೆಲ್ಲ ಈ ಹೆಂಗಸಿಗೆ ಗೊತ್ತು.

ಡಾಕ್ಟರಿಗೆ ಮೂವತ್ತು ದಾಟಿರಲಿಲ್ಲ. ತೆಳ್ಳಗೆ, ಕಪ್ಪಗೆ, ಇಸ್ತ್ರಿ ಮಾಡಿದ ಅಂಗಿ. ಹೆಸರು ಕೇಳಿದೊಡನೆ ಎದ್ದು ನಿಂತ.

"ಬರ್ರಿ ಸರ್, ಬರ್ರಿ. ಅಕ್ಕಾರು ಕಳಿಸಿದ್ರೇನ್ರಿ?"

ಅಕ್ಕಾರು. ಸಂಬಂಧ ಮುಚ್ಚಿಡಲು ಇದಕ್ಕಿಂತ ಒಳ್ಳೆಯ ಶಬ್ದ ಸಿಗಲಾರದು. ಸೂಗಪ್ಪ ಚೀಟಿಯನ್ನು ಮೇಜಿನ ಮೇಲಿಟ್ಟ.

"ಇದು ನಿಮ್ಮದೇನು?"

"ಹೌದ್ರಿ, ನಂದೇ."

ಹೆದರಿಕೆ ಇಲ್ಲ, ಗಾಬರಿ ಇಲ್ಲ. ಅದೇ ಚುಚ್ಚಿತು.

"ಅಕ್ಕಾರು ನಿಮಗ ಎಲ್ಲಾ ಹೇಳ್ಯಾರಲ್ರಿ? ಹೇಳ್ತೀನಿ ಅಂದಿದ್ರು."

"ಹೇಳ್ಯಾಳ," ಎಂದ ಸೂಗಪ್ಪ. "ಆದ್ರೂ ನಿಮ್ಮ ಬಾಯಿಂದ ಒಮ್ಮಿ ಕೇಳಬೇಕಂತ ಬಂದೀನಿ."

ಮಲ್ಕಪ್ಪ ಹೇಳಿದ. ಆಗಸ್ಟ್ ಹದಿನೈದಕ್ಕೆ ಮಕ್ಕಳಿಗೆಂದು ಜಯದೇವಿ ಟೀಚರು ಇಪ್ಪತ್ತು ಬಲೂನು ಊದಿದ್ದರು. ಮೊದಲು ತುಟಿ ಬಾತಿತು, ಆಮೇಲೆ ಕಣ್ಣು, ಆಮೇಲೆ ಉಸಿರು ಕಟ್ಟಿತು. ಆಟೋದಲ್ಲಿ ಹಾಕಿಕೊಂಡು ಇಲ್ಲಿಗೆ ತಂದರು.

"ಇಂಜೆಕ್ಷನ್ ಕೊಟ್ಟೆ. ಹತ್ತು ನಿಮಿಷ ತಡ ಆಗಿದ್ರ ನನ್ನ ಕೈಯಾಗ ಏನೂ ಇರ್ತಿರಲಿಲ್ಲ ಸರ್. ಲ್ಯಾಟೆಕ್ಸ್ ಅಲರ್ಜಿ. ರಬ್ಬರ್ ಗಿಡದ ಹಾಲಿನಾಗ ಪ್ರೋಟೀನ್ ಇರ್ತಾವಲ್ರಿ, ಅವು ಅವರ ಮೈಗೆ ಆಗಿ ಬರಲ್ಲ."

ಹತ್ತು ನಿಮಿಷ. ತನ್ನ ಹೆಂಡತಿ ಸಾಯುತ್ತಿದ್ದ ಹತ್ತು ನಿಮಿಷದಲ್ಲಿ ಇವನು ಅವಳ ಪಕ್ಕದಲ್ಲಿದ್ದ. ತಾನು ಬಹುಶಃ ಕಲಬುರಗಿಯಲ್ಲಿ, ಐವಾನ್-ಎ-ಶಾಹಿಯ ಹತ್ತಿರ ಗೆಳೆಯನ ಮನೆಯಲ್ಲಿ ಚಹಾ ಕುಡಿಯುತ್ತಿದ್ದ. ಅವಳು ಬದುಕಿದ್ದಕ್ಕೆ ಸಂತೋಷಪಡಬೇಕು ಎಂದು ಸೂಗಪ್ಪ ತನಗೆ ತಾನೇ ಹೇಳಿಕೊಂಡ. ಸಂತೋಷ ಬರುವ ಮೊದಲೇ, ಇಂಜೆಕ್ಷನ್ನು ಕೊಡಲು ಅವಳ ಕುಪ್ಪಸದ ತೋಳು ಸರಿಸಿದ್ದು ಯಾರು ಎಂಬ ಪ್ರಶ್ನೆ ಬಂತು.

"ಬಾಳೆಹಣ್ಣಿಗೂ ರಬ್ಬರಿಗೂ ಏನು ಸಂಬಂಧ?"

"ಎರಡರಾಗೂ ಒಂದೇ ನಮೂನಿ ಪ್ರೋಟೀನ್ ಅದಾವ್ರಿ. ಎಲ್ಲಾರಿಗೂ ಹಂಗಾಗಲ್ಲ. ಕೆಲವರಿಗೆ ಎರಡೂ ಆಗಲ್ಲ." ಮಲ್ಕಪ್ಪ ಸ್ವಲ್ಪ ಹಿಂಜರಿದು ಮುಂದುವರಿಸಿದ. "ಅಕ್ಕಾರ ತ್ವಾಟದಾಗ ನಮ್ಮ ಅಪ್ಪ ನಿಂಗಣ್ಣ ದುಡೀತಿದ್ದ್ರಿ. ಕೆಂಪು ಬಾಳಿ ಗೊನಿ ಇಳಿಸೋ ದಿನ ನಾವು ಹುಡುಗರೆಲ್ಲಾ ಬಡಿದಾಡಿ ತಿಂತಿದ್ವಿ. ಅವರೊಬ್ಬರು ತಿಂತಿರಲಿಲ್ಲ, ತುಟಿ ಕಡೀತದ ಅಂತಿದ್ರು. ನನಗ ನೆನಪಿತ್ತು. ಅದಕ್ಕೇ ಲಗೂ ಗುರ್ತ ಹತ್ತಿತು."

ಲಗ್ನದ ದಿನ ತಾನು ಅವಳ ಬಾಯಿಗೆ ಹಿಡಿದ ಬಾಳೆಹಣ್ಣನ್ನು ಅವಳು ಮುಖ ತಿರುಗಿಸಿ ಬೇಡವೆಂದಿದ್ದು ಸೂಗಪ್ಪನಿಗೆ ಹೊಳೆಯಿತು. ಗೆಳೆಯರು ನಕ್ಕಿದ್ದರು. ತೋಟದ ಮನೆಯ ಮಗಳ ಸೊಕ್ಕು ಎಂದು ಅವನು ಹನ್ನೆರಡು ವರ್ಷ ತಿಳಿದುಕೊಂಡೇ ಬಂದಿದ್ದ. ಆಳಿನ ಮಗ ಇಷ್ಟು ದಿನ ನೆನಪಿನಲ್ಲಿಟ್ಟುಕೊಂಡದ್ದನ್ನು ತಾಳಿ ಕಟ್ಟಿದವನು ಕೇಳಿಯೂ ಇರಲಿಲ್ಲ. ಆ ಮೈಯ ಬಗ್ಗೆ ಇವನ ತಿಳಿವಳಿಕೆ ತನ್ನ ಲಗ್ನಕ್ಕಿಂತ ಹಳೆಯದು.

ಸೂಗಪ್ಪ ಚೀಟಿಯಲ್ಲಿ ನಿರೋಧ್ ಎಂದಿದ್ದ ಕಡೆ ಬೆರಳಿಟ್ಟ. "ಮತ್ತ ಈ ಇನ್ನೊಂದು? ಅದನ್ನ ಯಾಕ ಕೇಳಿದ್ರಿ?"

"ಕೇಳಬೇಕಾಗ್ತದ್ರಿ. ರಬ್ಬರ್ ಎಲ್ಲೆಲ್ಲಿ ಮೈಗೆ ಹತ್ತತದ ಅಂತ ಗೊತ್ತಾಗಬೇಕಲ್ರಿ."

"ಆಕಿ ಏನಂದ್ಲು?"

ಮಲ್ಕಪ್ಪ ಸ್ಟೆಥಾಸ್ಕೋಪಿನ ನಳಿಗೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದ.

"ಅದನ್ನ ಅವರನ್ನೇ ಕೇಳ್ರಿ ಸರ್."

ಸೂಗಪ್ಪನ ಮನೆಯ ಕೋಣೆಯೊಂದಕ್ಕೆ ಬೀಗ ಹಾಕಿ ಇವನು ಕೀಲಿಯನ್ನು ಮರ್ಯಾದೆಯಿಂದ ಜೇಬಿಗೆ ಹಾಕಿಕೊಂಡಿದ್ದ. ಒರಟನಾಗಿದ್ದರೆ ಜಗಳವಾಡಬಹುದಿತ್ತು.

ಡಾಕ್ಟರು ಉಳಿದದ್ದನ್ನು ಪಾಠದ ಹಾಗೆ ಹೇಳಿದ. ಪಾಲಿಯುರೆಥೇನಿನ ನಿರೋಧ್ ಬಂದಿವೆ, ರಬ್ಬರಿನಷ್ಟು ಹಿಗ್ಗುವುದಿಲ್ಲ, ಜಾರುವುದು ಹರಿಯುವುದು ತುಸು ಹೆಚ್ಚು, ಜಾಗ್ರತೆ ಬೇಕು. ಅದೇ ಮಾಲಿನಿಂದ ಮಾಡಿದ, ಹೆಂಗಸರು ಹಾಕಿಕೊಳ್ಳುವ ನಮೂನೆಯೂ ಹೊರಗಿನ ದೇಶಗಳಲ್ಲಿ ಇದೆ. ಕುರಿಯ ಕರುಳಿನಿಂದ ಮಾಡಿದವು ಬಸಿರು ತಡೆಯುತ್ತವೆ, ರೋಗ ತಡೆಯುವುದಿಲ್ಲ. 'ರಬ್ಬರ್ ಇಲ್ಲ' ಎಂದು ಪ್ಯಾಕೆಟಿನ ಮೇಲೆ ಸ್ಪಷ್ಟ ಬರೆದಿರಬೇಕು; ತೆಳ್ಳಗಿದೆ, ಮೆತ್ತಗಿದೆ ಎಂದು ಬರೆದದ್ದೆಲ್ಲ ಅದಲ್ಲ.

"ಚೀಟಿ ಮಾತ್ರ ಅವರ ಬ್ಯಾಗಿನಾಗೇ ಇರಲಿ ಸರ್. ರಸ್ತೆದಾಗ ಏನರೆ ಆಗಿ ಯಾವುದರೆ ದವಾಖಾನಿಗಿ ಒಯ್ದರ, ಗ್ಲೌಸ್ ಹಾಕ್ಕೊಂಡ ಕೈಯೇ ಅವರಿಗೆ ವಿಷ. ಸಹಿ, ನಂಬರ್ ನೋಡಿದ್ರ ಅಲ್ಲಿ ಡಾಕ್ಟರಿಗೆ ಗೊತ್ತಾಗ್ತದ."

ಸೂಗಪ್ಪ ಚೀಟಿಯನ್ನು ಮಡಿಚಿ ತನ್ನ ಜೇಬಿಗೆ ಹಾಕಿಕೊಂಡ.

ಹನ್ನೆರಡಕ್ಕೆ ಜಯದೇವಿ ಬಸ್ ಸ್ಟ್ಯಾಂಡಿಗೆ ಬಂದಳು. ಗಂಡನನ್ನು ಕಂಡು ನಿಂತಳು. ಅವಳ ಮುಖದಲ್ಲಿ ಮೊದಲು ಬಂದದ್ದು ಭಯ. ಅವನು ಅದನ್ನೂ ಬರೆದಿಟ್ಟುಕೊಂಡ.

"ಮಗಳಿಗೆ ಏನರೆ ಆಯ್ತೇನ್ರಿ?"

"ಇಲ್ಲ. ಸುಮ್ಮನೆ ಬಂದೆ."

"ಸುಮ್ಮನೆ?"

"ನಿಮ್ಮ ಡಾಕ್ಟರ ಹತ್ರ ಹೋಗಿದ್ದೆ."

ಬಸ್ಸು ಬಂತು. ಕಿಟಕಿಯ ಕಡೆ ಅವಳು, ಈಚೆ ಅವನು. ಊರು ದಾಟುವ ತನಕ ಇಬ್ಬರೂ ಮುಂದಿನ ಸೀಟಿನ ಬೆನ್ನು ನೋಡಿದರು.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ದೆ."

"ಯಾವಾಗ?"

"ಹೋದ ವರ್ಷ, ಪಂಚಮಿ ಹಬ್ಬದ ಮರುದಿನ. ಉರೀತದ ಅಂದೆ. ನೀವಂದ್ರಿ, ಮನಸ್ಸಿಲ್ಲದವರಿಗಿ ಎಲ್ಲಾ ಉರೀತದ ಅಂತ."

ಹೇಳಿದ್ದು ನೆನಪಾಯಿತು. ಆಗ ಆ ಮಾತು ಅವನಿಗೆ ಚೆನ್ನಾಗಿ ಬಂದಿದೆ ಅನಿಸಿತ್ತು.

"ಅವಗ ಮಾತ್ರ ಒಂದೇ ಏಟಿಗೆ ಹೇಳಿಬಿಟ್ಟಿ."

"ಅವರು ಕೇಳಿದ್ರು."

"ಅವರು! ನಿಮ್ಮ ತ್ವಾಟದ ಆಳಿನ ಮಗ."

ಜಯದೇವಿ ಕಿಟಕಿಯ ಹೊರಗೆ ನೋಡಿದಳು. ತೊಗರಿ ಹೊಲಗಳು ಹಳದಿ ಹೂ ಬಿಟ್ಟಿದ್ದವು. ಆಮೇಲೆ ಬ್ಯಾಗು ತೆರೆದು ನೋಡಿ, "ಚೀಟಿ ಕೊಡ್ರಿ" ಎಂದಳು.

"ಮನ್ಯಾಗ ಅದ," ಎಂದ. ಚೀಟಿ ಅವನ ಎದೆಯ ಮೇಲೆ ಬೆವರಿಗೆ ಮೆತ್ತಗಾಗುತ್ತಿತ್ತು.

ಕಲಬುರಗಿಯಲ್ಲಿ ಇಳಿದ ಕೂಡಲೇ ಅವನಿಗೆ ಒಂದು ನಿರ್ಧಾರ ಬಂತು. ಪಾಲಿಯುರೆಥೇನಿನದನ್ನು ತಾನೇ ತರಬೇಕು. ಇನ್ನೊಬ್ಬ ಸೂಚಿಸಿದ್ದಾದರೂ ತಂದವನು ತಾನಾಗಬೇಕು. ಅವಳನ್ನು ಆಟೋ ನಿಲ್ಲುವ ಕಡೆ ನಿಲ್ಲಿಸಿ, ಸೂಪರ್ ಮಾರ್ಕೆಟ್ಟಿನ ಹತ್ತಿರ ಪರಿಚಯವಿಲ್ಲದ ಒಂದು ಔಷಧಿ ಅಂಗಡಿಯನ್ನು ಹುಡುಕಿ ಒಳಗೆ ಹೋದ. ಗಿರಾಕಿಗಳು ಹೋಗುವ ತನಕ ಕೆಮ್ಮಿನ ಔಷಧಿಗಳ ಹೆಸರು ಓದುತ್ತ ನಿಂತ. ಆಮೇಲೆ ಕೇಳಿದ.

"ರಬ್ಬರಿಂದು ಬ್ಯಾಡ?" ಅಂಗಡಿಯ ನಬಿಸಾಬ್ ಕನ್ನಡಕ ಹಣೆಗೇರಿಸಿದ. "ಮತ್ತ ಯಾತರದ್ದು ಬೇಕ್ರಿ?"

"ಪಾಲಿಯುರೆಥೇನ್."

"ಅದು ಹಾಸಿಗಿ ಫೋಮ್ ಅಲ್ಲೇನ್ರಿ?"

"ಅದೇ ಜಾತಿದು. ಆದ್ರ ತೆಳ್ಳಗ."

"ತೆಳ್ಳಗಿಂದು ಅದ ನೋಡ್ರಿ. ವಾಸನಿದೂ ಅದ. ಗುಲಾಬಿ, ಸ್ಟ್ರಾಬೆರಿ." ಮೂರು ಬಣ್ಣದ ಪ್ಯಾಕೆಟುಗಳನ್ನು ಗಾಜಿನ ಮೇಲೆ ಹರಡಿದ.

ಸೂಗಪ್ಪ ಒಂದೊಂದನ್ನೇ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿದ. ಮೂರರಲ್ಲೂ ಲ್ಯಾಟೆಕ್ಸ್ ಎಂದೇ ಇತ್ತು. ವಾಸನೆ ಬೇರೆ, ಮಾಲು ಒಂದೇ. "ಇವು ನಡೆಯಲ್ಲ. ಮನಿಯವರಿಗೆ ಅಲರ್ಜಿ," ಎಂದ. ಜೀವಮಾನದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದ. ಹೇಳಿದ್ದು ಅಂಗಡಿಯವನಿಗೆ.

ನಬಿಸಾಬನ ಮುಖ ಗಂಭೀರವಾಯಿತು. "ಬಂಬೈದಿಂದ ತರಿಸಬೇಕು ಸಾಬ್. ಹದಿನೈದು ದಿನ ಹಿಡೀತದ. ಹೆಸರು ಬರೆಸಿ ಹೋಗ್ರಿ."

ಹೆಸರು ಬರೆಸಲಿಲ್ಲ.

ಆಟೋದಲ್ಲಿ ಅವಳು ಕೇಳಿದಳು. "ಎಲ್ಲಿಗಿ ಹೋಗಿದ್ರಿ?"

"ಅವನ್ನ ತರಾಕ. ಸಿಗಲಿಲ್ಲ. ಬಂಬೈದಿಂದ ಬರಬೇಕಂತ."

ಜಯದೇವಿ ಆಟೋದವನ ಬೆನ್ನು ನೋಡಿ ದನಿ ತಗ್ಗಿಸಿದಳು. "ನನ್ನ ಹತ್ತರ ಅದಾವ."

ಆಟೋ ಒಂದು ಗುಂಡಿಗೆ ಇಳಿದು ಏರಿತು.

"ಖುರ್ಷೀದ್ ಬೇಗಂ ಅವರ ತಂಗಿ ಮಸ್ಕತ್ತಿನ್ಯಾಗ ನರ್ಸ್ ಇದ್ದಾರ. ರಜಾಕ್ಕ ಬಂದಾಗ ತಂದು ಕೊಟ್ರು. ಒಂದು ತಿಂಗಳಾಯ್ತು."

ಕಮಲಾಪುರ, ಮಸ್ಕತ್. ಒಬ್ಬ ಡಾಕ್ಟರು, ಒಬ್ಬ ನರ್ಸು, ಅವಳ ತಂಗಿ, ಬಹುಶಃ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆದು ನೋಡಿದ ಕಸ್ಟಮ್ಸಿನವನು. ಎಲ್ಲರೂ ದಾಟಿಸಿ ದಾಟಿಸಿ ಅದು ಕೊನೆಗೆ ತನ್ನ ಕಪಾಟಿಗೆ ಬಂದು ಒಂದು ತಿಂಗಳು ಕೂತಿತ್ತು. ಗೊತ್ತಿಲ್ಲದವನು ಒಬ್ಬನೇ.

"ಒಂದು ತಿಂಗಳಿಂದ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳಬೇಕಿತ್ತು? ಎಲ್ಲಿಂದ ಬಂತು ಅಂತ ಮೊದಲು ಕೇಳ್ತಿದ್ರಿ."

ಮನೆಗೆ ಬಂದು ಅವಳು ಸೀರೆಗಳ ಅಡಿಯಿಂದ ಪ್ಯಾಕೆಟನ್ನು ತೆಗೆದು ಮೇಜಿನ ಮೇಲಿಟ್ಟಳು. ಬಿಳಿ ಪೆಟ್ಟಿಗೆ, ಮೇಲೆ ಅರಬ್ಬಿ ಅಕ್ಷರ. ಮೂರರ ಪ್ಯಾಕು. ಸೂಗಪ್ಪ ತೆರೆದ. ಎರಡಿದ್ದವು.

"ಮೂರನೇದು?"

"ಮೈಗೆ ಆಗಿ ಬರ್ತದೋ ಇಲ್ಲೋ ನೋಡಬೇಕಿತ್ತು. ಒಂದು ತುಂಡು ಕತ್ತರಿಸಿ ತೋಳಿಗಿ ಕಟ್ಕೊಂಡಿದ್ದೆ. ಒಂದು ದಿನ ಪೂರ್ತಿ."

"ಯಾರು ಕಟ್ಟಿದ್ರು?"

"ಖುರ್ಷೀದ್ ಬೇಗಂ."

"ದವಾಖಾನಿದಾಗ?"

"ಹೂಂ."

"ಅವ ಇದ್ದನೇನು?"

"ಅವರು ಬ್ಯಾರೆ ಪೇಷಂಟ್ ನೋಡಾಕತ್ತಿದ್ರು."

"ತೋಳು ತೋರಿಸು."

ಅವಳು ಎಡಗೈಯ ಬಳೆ ಸರಿಸಿ ಮುಂದೆ ಚಾಚಿದಳು. ಗುಳ್ಳೆ ಇಲ್ಲ, ಕೆಂಪಿಲ್ಲ, ಕಲೆ ಇಲ್ಲ. ನುಣ್ಣನೆಯ ತೋಳು. ಅವನು ಬೆಳಕಿಗೆ ಹಿಡಿದು ನೋಡಿದ.

"ಏನೂ ಇಲ್ಲಲ್ಲ."

"ಏನೂ ಆಗಲಿಲ್ಲ. ಅದಕ್ಕೇ ನಡೀತದ ಅಂದ್ರು."

ಏನೂ ಆಗದಿರುವುದೇ ಪುರಾವೆಯಂತೆ. ಪ್ರಯೋಗಶಾಲೆಯಲ್ಲಾಗಿದ್ದರೆ ಅವನೂ ಒಪ್ಪುತ್ತಿದ್ದ. ಇಲ್ಲಿ, ಏನೂ ಇಲ್ಲದ ಆ ತೋಳಿನ ಮೇಲೆ ಅವನಿಗೆ ಏನು ಬೇಕಾದರೂ ಕಾಣತೊಡಗಿತು. ಅವಳ ಕೈಯನ್ನು ಇನ್ನೂ ಹಿಡಿದೇ ಇದ್ದೇನೆ ಎಂಬುದು ತಡವಾಗಿ ಗಮನಕ್ಕೆ ಬಂತು. ವರ್ಷದ ಮೇಲೆ ಹಗಲಲ್ಲಿ ಹಿಡಿದದ್ದು. ಅವಳೂ ಎಳೆದುಕೊಂಡಿರಲಿಲ್ಲ. ಏನೋ ಹೇಳುವವಳಂತೆ ಮುಖ ಎತ್ತಿದ್ದಳು. ಅವನು ಕೈ ಬಿಟ್ಟ.

ಅವಳು ಅಡಿಗೆಮನೆಗೆ ಹೋದ ಮೇಲೆ ಸೂಗಪ್ಪ ಕಾಲೇಜಿನ ಒಳ್ಳೆಯ ಕಾಗದವೊಂದನ್ನು ತೆಗೆದು ಚೀಟಿಯನ್ನು ತನ್ನ ಅಕ್ಷರದಲ್ಲಿ ನಕಲು ಮಾಡಿದ. ಇನ್ನೂ ನೀಟಾಗಿ, ಸಂಖ್ಯೆ ಹಾಕಿ, ಪ್ರೋಟೀನಿನ ವಿಷಯವನ್ನೂ ಸೇರಿಸಿ. 'ಮರೆಯಬಾರದು' ಎಂಬುದನ್ನು ಬಿಟ್ಟ. ಕೆಳಗೆ 'ಸೂಗಪ್ಪ, ಎಂ.ಎಸ್ಸಿ.' ಎಂದು ಸಹಿ ಮಾಡಿದ. ಆಮೇಲೆ ಹಳೆಯದನ್ನು ನಾಲ್ಕು ತುಂಡು ಹರಿದ.

ಚಹಾ ತಂದ ಜಯದೇವಿ ತುಂಡುಗಳನ್ನು ನೋಡಿದಳು. ಹೊಸ ಕಾಗದವನ್ನು ಎತ್ತಿ ಪೂರ್ತಿ ಓದಿದಳು.

"ಎಲ್ಲಾ ಅದರಾಗ ಅದ," ಎಂದ. "ಒಂದೂ ಬಿಟ್ಟಿಲ್ಲ."

"ಡಾಕ್ಟರ ಸಹಿ ಇರಬೇಕಂತ ಅಂದಿದ್ರು."

"ನನ್ನ ಸಹಿ ಅದ ಅಲ್ಲೇನು?"

ಅವಳು ಅವನ ಮುಖ ನೋಡಿದಳು. ಸಿಟ್ಟಿದ್ದರೆ ಅವನಿಗೆ ಅರ್ಥವಾಗುತ್ತಿತ್ತು. ಕಾಗದವನ್ನು ಮಡಿಚಿ ಬ್ಯಾಗಿಗೆ ಹಾಕಿದಳು, ಟ್ಯೂಷನ್ನಿನಿಂದ ಮಗಳನ್ನು ಕರೆತರಲು ಚಪ್ಪಲಿ ಮೆಟ್ಟಿ ಹೋದಳು.

ಅವಳು ರಸ್ತೆಯ ತಿರುವು ದಾಟಿದ ಮೇಲೆ ಸೂಗಪ್ಪ ಪ್ಯಾಕೆಟಿನಿಂದ ಒಂದನ್ನು ತೆಗೆದುಕೊಂಡು ಮಾಳಿಗೆ ಹತ್ತಿದ. ಹರಿಯುವುದು ಹೆಚ್ಚು ಎಂದು ಡಾಕ್ಟರೇ ಹೇಳಿದ್ದನಲ್ಲ. ಪರೀಕ್ಷೆ ಮಾಡುವುದು ಗಂಡನ ಕೆಲಸ. ನೀರಿನ ಟಾಕಿಯ ಪಕ್ಕ ಕೂತು ಹಲ್ಲಿನಿಂದ ಹಾಳೆ ಹರಿದ. ವಾಸನೆಯೇ ಇರಲಿಲ್ಲ. ಬಣ್ಣವೂ ಇಲ್ಲ. ಬೆರಳ ಮೇಲೆ ಇಟ್ಟರೆ ಬೆರಳೇ ಕಾಣುತ್ತಿತ್ತು. ನಳದ ಬಾಯಿಗೆ ಹಿಡಿದು ನೀರು ಬಿಟ್ಟ.

ಅದು ನಿಧಾನವಾಗಿ ಇಳಿಬಿದ್ದು ದಪ್ಪವಾಯಿತು. ಅಂಗೈ ತುಂಬಿತು, ಎರಡು ಅಂಗೈ ತುಂಬಿತು. ಬಾಯಿಗೆ ಗಂಟು ಹಾಕಿ ಎತ್ತಿ ಹಿಡಿದ. ಇಳಿಬಿಸಿಲು ಅದರೊಳಗೆ ಹೊಕ್ಕು ನಿಂತಿತು. ಜೇವರ್ಗಿ ಕಾಲೋನಿಯ ಮಾಳಿಗೆಗಳು, ಆಂಟೆನಾಗಳು, ಎದುರು ಮನೆಯಲ್ಲಿ ಬಟ್ಟೆ ತೆಗೆಯುತ್ತಿದ್ದ ಅಂಬಮ್ಮ ಎಲ್ಲವೂ ಅದರೊಳಗೆ ತಲೆಕೆಳಗಾಗಿ ತೂಗುತ್ತಿದ್ದವು. ಅಂಬಮ್ಮ ಕೈಯಲ್ಲಿ ಸೀರೆ ಹಿಡಿದು ಇತ್ತಲೇ ನೋಡುತ್ತ ನಿಂತಿದ್ದಳು.

ಎಲ್ಲೋ ಒಂದು ತೂತು ಇರಲೇಬೇಕು. ಅವನು ತಿರುಗಿಸಿ ನೋಡಿದ. ಬುಡದಲ್ಲಿ, ಪಕ್ಕದಲ್ಲಿ, ಗಂಟಿನ ಹತ್ತಿರ. ಮೆಲ್ಲಗೆ ಒತ್ತಿದ.

ಕೆಳಗೆ ಗೇಟು ಸದ್ದಾಯಿತು. ಮಗಳ ಮಾತು, ಚಪ್ಪಲಿಯ ಸಪ್ಪಳ. ಆಮೇಲೆ ಮೆಟ್ಟಿಲ ಬುಡದಿಂದ ಜಯದೇವಿಯ ದನಿ.

"ರೀ, ಮ್ಯಾಲ ಏನ್ ಮಾಡಾಕತ್ತೀರಿ?"

ಅವನಿಗೆ ಅದನ್ನು ಕೆಳಗಿಡಲು ಜಾಗ ಕಾಣಲಿಲ್ಲ, ಒಡೆಯಲು ಧೈರ್ಯ ಬರಲಿಲ್ಲ. ಎರಡೂ ಕೈಯಲ್ಲಿ ಆ ತಣ್ಣನೆಯ ಭಾರವನ್ನು ಎದೆಯ ಮಟ್ಟಕ್ಕೆ ಹಿಡಿದು, ಅದರ ಕೆಳಗಿನ ಒಣ ಸಿಮೆಂಟಿನ ಮೇಲೆ ಕಣ್ಣು ನೆಟ್ಟು, ಒಂದು ಹನಿ ಬೀಳುವುದನ್ನೇ ಕಾಯುತ್ತ ನಿಂತ.